ಹಿತ್ತಲಿನಲ್ಲಿ ಬೆಳೆದ ಗುರುತರಿಯದ ಗಿಡ



ನಮ್ಮ ನಮ್ಮ ಹಿತ್ತಲುಗಳಲ್ಲಿ ನಾವು ಬಿತ್ತಿದ ಗಿಡಗಳಿಗಿಂತ ಬಿತ್ತದ ಗಿಡಗಳೇ ಹೆಚ್ಚಾಗಿರುವದು ಹಳ್ಳಿಯವರಾದ ನಮಗೆಲ್ಲರಿಗೂ ತಿಳಿದ ಸಂಗತಿ. ಅವುಗಳಲ್ಲಿ ಕೆಲವುಗಳ ಹೆಸರನ್ನು ಬಲ್ಲೆವು. ಮಿಕ್ಕವುಗಳನ್ನೆಲ್ಲಾ ಕಸವೆಂಬ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುತ್ತೇವೆ. ಕಸಕ್ಕೆ ಹೆಸರು ತಿಳಿದು ಆಗಬೇಕಾದದ್ದೇನು ಎಂದು ಕೆಲವರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಆದರೆ ಒಂದು ಗಿಡದ ಗುರುತನ್ನು ನಾನು ತಪ್ಪಾಗಿ ಹಿಡಿದದ್ದರಿಂದ ನನ್ನ ತಾಯಿಯವರು ಎರಡು ವರುಷಗಳ ವರೆಗೆ ಬಾಧೆಪಟ್ಟರು. ಆದಕಾರಣ ಈ ಪಾಠವನ್ನು ಕೇಳಿದ ಮಾತಾಗಿ ಅಲ್ಲ, ಕಂಡು ಅನುಭವಿಸಿದ ಮಾತಾಗಿ ಬರೆಯುತ್ತೇನೆ.

೧. ಮೂವರು ಇಟ್ಟ ಮೂರು ಹೆಸರು

ನಮ್ಮದು ಮಲೆನಾಡಿನ ಅಂಚಿನಲ್ಲಿರುವ ಹಳ್ಳಿ. ಹಿತ್ತಲಿನಲ್ಲಿರುವ ಕೆಲವು ಅಡಿಕೆ ಸಸಿಗಳಿಗಾಗಿ ಬಯಲುಸೀಮೆಯಿಂದ ಬಂದ ಲಾರಿಯ ಕುರಿಗೊಬ್ಬರವನ್ನು ಒಂದು ವರುಷ ಕೊಂಡುಕೊಂಡೆವು. ಮುಂಗಾರಿನ ಎರಡು ಮೂರು ಮಳೆಗಳಾದ ಮೇಲೆ, ಆ ಗೊಬ್ಬರವನ್ನು ರಾಶಿ ಹಾಕಿದ್ದ ಸ್ಥಳದ ಹತ್ತಿರ, ಬಚ್ಚಲ ನೀರು ಹರಿಯುವಲ್ಲಿ ಒಂದು ಹೊಸ ಸಸಿ ಕಾಣಿಸಿತು. ಅದಕ್ಕೆ ದಂಟೇ ಇರಲಿಲ್ಲ. ಆಳವಾಗಿ ಸೀಳಿದ ಎಲೆಗಳು ನೆಲಕ್ಕೆ ಅಂಟಿದಂತೆ ಸುತ್ತಲೂ ಚಕ್ರಾಕಾರವಾಗಿ ಹರಡಿಕೊಂಡಿದ್ದವು. ನೋಡುವದಕ್ಕೆ ಚೆಲುವಾಗಿಯೇ ಇತ್ತು.

ನೆರೆಮನೆಯ ಅಜ್ಜಿಯವರು ಅದನ್ನು ಕಂಡು, “ಇದು ಮಾಚಿಪತ್ರೆ, ತಮ್ಮಾ, ಕೀಳಬೇಡ, ಮನೆಗೆ ಬೇಕಾಗುವ ಗಿಡ” ಎಂದರು. ಶಾಲೆಗೆ ಹೋಗುವ ನನ್ನ ಮಗನು, “ಅಪ್ಪಾ, ಇದು ಕ್ಯಾರೆಟ್ಟು, ಕೆಳಗೆ ಗಡ್ಡೆ ಇರುವದು” ಎಂದನು. ನಾನಾದರೋ ನಾಲ್ಕಕ್ಷರ ಹೆಚ್ಚು ಕಲಿತವನೆಂಬ ಧೈರ್ಯದಿಂದ, “ಇದು ಚೆಂಡುಹೂವಿನ ಸಸಿಯಲ್ಲದೆ ಬೇರೆಯಲ್ಲ” ಎಂದು ತೀರ್ಪು ಹೇಳಿದೆನು. ಕಲಿತವನ ಮಾತೇ ನಿಂತಿತು. ಸಸಿಗೆ ಕಡ್ಡಿಗಳ ಬೇಲಿ ಕಟ್ಟಿ, ಮಳೆಯಿಲ್ಲದ ದಿನ ನೀರನ್ನೂ ಹಾಕಿದೆವು.

ತಿಂಗಳು ಕಳೆಯುವಷ್ಟರಲ್ಲಿ ಅದು ನಡುವಿನ ಎತ್ತರಕ್ಕೆ ಬೆಳೆದು ತುದಿಯಲ್ಲೆಲ್ಲಾ ಅಕ್ಕಿಯ ನುಚ್ಚನ್ನು ಚೆಲ್ಲಿದಂತೆ ಬಿಳೀ ಹೂಗಳನ್ನು ಬಿಟ್ಟಿತು. ಅದು ಚೆಂಡುಹೂವಲ್ಲ, ಮಾಚಿಪತ್ರೆಯಲ್ಲ, ಕ್ಯಾರೆಟ್ಟೂ ಅಲ್ಲವೆಂದು ಆಗ ಮೂವರಿಗೂ ತಿಳಿಯಿತು. ಆದರೆ ಏನಲ್ಲವೆಂದು ತಿಳಿದರೂ ಏನೆಂದು ತಿಳಿಯಲಿಲ್ಲ. ಇರುವಷ್ಟು ದಿನ ಇರಲಿ ಎಂದು ಬಿಟ್ಟೆವು. ಮರುವರುಷ ಹಿತ್ತಲೆಲ್ಲಾ ಅದೇ ಗಿಡವಾಯಿತು.

ಬಯಲುಸೀಮೆಯ ವಾಚಕರು ಇಷ್ಟು ಓದುವದರೊಳಗೆ ಅದು ಯಾವ ಗಿಡವೆಂದು ತಿಳಿದುಕೊಂಡು ನಗುತ್ತಿರಬಹುದು. ಆದರೆ ಅವರನ್ನೂ ಒಂದು ಮಾತು ಕೇಳುವೆನು: ಹೂ ಬಿಟ್ಟ ಮೇಲೆ ಎಲ್ಲರೂ ಗುರುತಿಸುವ ಈ ಗಿಡವನ್ನು, ಮೊಳೆತು ಹದಿನೈದು ದಿನಗಳಾಗಿರುವಾಗಲೇ ಗುರುತಿಸುವವರು ನಿಮ್ಮಲ್ಲಿ ಎಷ್ಟು ಮಂದಿ?

೨. ವೈದ್ಯರು ಕೇಳಿದ ಪ್ರಶ್ನೆ

ನನ್ನ ತಾಯಿಯವರು ಬೆಳಿಗ್ಗೆ ಎದ್ದು ಹಿತ್ತಲನ್ನು ಗುಡಿಸುವವರು. ಗುಡಿಸುವಾಗ ಅಡ್ಡವಾದ ಗಿಡಗಳನ್ನು ಬರಿಗೈಯಿಂದ ಕಿತ್ತು ಗೋಡೆಯ ಬದಿಗೆ ರಾಶಿ ಹಾಕುತ್ತಿದ್ದರು. ಮೊದಲನೆಯ ಮಳೆಗಾಲದಲ್ಲಿ ಅವರಿಗೆ ಏನೂ ಆಗಲಿಲ್ಲ. ಎರಡನೆಯ ವರುಷ ಕಣ್ಣಿನ ರೆಪ್ಪೆಗಳು ಊದಿದವು. ಕುತ್ತಿಗೆಯಲ್ಲಿಯೂ ಮೊಣಕೈಯ ಒಳಮಡಿಕೆಯಲ್ಲಿಯೂ ತುರಿಕೆ ಎದ್ದು ಚರ್ಮವು ದಪ್ಪವಾಗಿ ಕಪ್ಪಾಯಿತು. ರಾತ್ರಿ ನಿದ್ರೆಯಿಲ್ಲ. ಒಬ್ಬರು ರಕ್ತ ಕೆಟ್ಟಿದೆಯೆಂದರು. ಇನ್ನೊಬ್ಬರು ಬದನೆಕಾಯಿ ಬಿಡಿಸಿದರು. ಮತ್ತೊಬ್ಬರು ದೃಷ್ಟಿ ತಾಕಿದೆಯೆಂದರು. ಹಚ್ಚಿದ ಮುಲಾಮುಗಳಿಗೆ ಲೆಕ್ಕವಿಲ್ಲ. ಅಕ್ಕನ ಮನೆಗೆ ಹೋಗಿ ಒಂದು ತಿಂಗಳು ಇದ್ದಾಗ ಕಡಿಮೆಯಾಗುವದು. ಮನೆಗೆ ಬಂದ ವಾರದಲ್ಲಿ ಪುನಃ ಏಳುವದು. ಇದರಿಂದ ಮನೆಯಲ್ಲಿಯೇ ಏನೋ ಇದೆಯೆಂಬ ಭಯವು ಅವರಲ್ಲಿ ಬೇರೂರಿತು.

ಕಡೆಗೆ ಪಟ್ಟಣದ ಚರ್ಮವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆನು. ಅವರು ನಾಡಿ ಹಿಡಿಯುವದಕ್ಕೆ ಮುಂಚೆಯೇ, “ಅಮ್ಮಾ, ನಿಮ್ಮ ಮನೆಯ ಸುತ್ತಲೂ ಯಾವ ಗಿಡಗಳು ಬೆಳೆದಿವೆ?” ಎಂದು ಕೇಳಿದರು. ರವಿಕೆಯೊಳಗಿನ ಚರ್ಮವು ಶುದ್ಧವಾಗಿದ್ದು, ಗಾಳಿಗೆ ತೆರೆದಿರುವ ಭಾಗವು ಮಾತ್ರ ಕೆಟ್ಟಿದ್ದದರಿಂದ ಅವರಿಗೆ ಆ ಸಂಶಯ ಹುಟ್ಟಿತಂತೆ. ಮುಂದಿನ ಸಾರಿ ನಾನು ಆ ಗಿಡದ ಒಂದು ಕೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೆಗೆದುಕೊಂಡು ಹೋದೆನು. ಚೀಲವನ್ನು ಬಿಚ್ಚದೆಯೇ ಅವರು, “ಇದು ಪಾರ್ಥೇನಿಯಂ” ಎಂದರು. ತಾಯಿಯವರ ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡಿದಾಗ, ಆ ಗಿಡದ ಸಾರವಿದ್ದ ಪಟ್ಟಿಯ ಕೆಳಗೆ ಮಾತ್ರ ಚರ್ಮವು ಕೆಂಪಾಗಿ ಎದ್ದಿತ್ತು. “ಔಷಧವು ತುರಿಕೆಯನ್ನು ತಗ್ಗಿಸುವದು, ಗಿಡವು ಇರುವ ವರೆಗೆ ರೋಗವೂ ಇರುವದು” ಎಂದು ಅವರು ಹೇಳಿದರು.

ಎರಡು ವರುಷಗಳ ಬಾಧೆಗೆ ಕಾರಣವು ನಾನು ಬೇಲಿ ಕಟ್ಟಿ ನೀರು ಹಾಕಿದ ಗಿಡವೇ ಆಗಿತ್ತು.

೩. ಗುರುತಿಸುವ ಕ್ರಮ

ಆಗಿನಿಂದ ನಾನು ಗಿಡಗಳನ್ನು ಒಂದು ಕ್ರಮದಿಂದ ನೋಡುವದನ್ನು ಕಲಿತೆನು. ದೂರದಿಂದ ನೋಡಿ ಹೆಸರು ಹೇಳುವದು ತಪ್ಪಿಗೆ ದಾರಿ. ಒಂದೇ ಗುರುತನ್ನು ನಂಬುವದೂ ತಪ್ಪಿಗೆ ದಾರಿ. ಎಲೆ, ವಾಸನೆ, ದಂಟು, ಹೂ, ಬೀಜ, ಈ ಐದನ್ನೂ ಸಾಲಾಗಿ ವಿಚಾರಿಸತಕ್ಕದ್ದು.

ಎಲೆ: ಪಾರ್ಥೇನಿಯಂ ಮೊದಲು ದಂಟಿಲ್ಲದೆ ನೆಲದ ಮೇಲೆ ಎಲೆಗಳ ಚಕ್ರವಾಗಿ ಹರಡುವದು. ಈ ಎಲೆಗಳು ಗೇಣುದ್ದದ ವರೆಗೆ ಬೆಳೆಯಬಹುದು. ಒಂದೊಂದು ಎಲೆಯೂ ನಡುನರದ ಹತ್ತಿರದ ತನಕ ಸೀಳಿದ್ದು, ಆ ಸೀಳುಗಳು ತಿರುಗಿ ಸೀಳಿರುವವು. ಬಣ್ಣವು ತಿಳಿಹಸುರು, ಮೇಲೂ ಕೆಳಗೂ ಸಣ್ಣ ರೋಮಗಳಿರುವವು. ಗಿಡವು ಮೇಲಕ್ಕೆ ಎದ್ದ ಮೇಲೆ ದಂಟಿನಲ್ಲಿ ಒಂದು ಎಲೆ ಈ ಕಡೆಗೆ, ಮುಂದಿನದು ಆ ಕಡೆಗೆ, ಹೀಗೆ ಒಂದೊಂದಾಗಿ ಹುಟ್ಟುವವು. ಚೆಂಡುಹೂವಿನ ಸಸಿಯಾದರೋ ಎಂದಿಗೂ ನೆಲಕ್ಕೆ ಅಂಟಿಕೊಂಡು ಹರಡುವದಿಲ್ಲ. ಮೊದಲಿನಿಂದಲೇ ದಂಟಾಗಿ ನಿಲ್ಲುವದು. ಅದರ ಕೆಳಗಿನ ಎಲೆಗಳು ಎದುರೆದುರಾಗಿ ಜೋಡಿಯಾಗಿರುವವು. ಅದರ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಚಿಕ್ಕ ಚುಕ್ಕೆಗಳು ಕಾಣುವವು. ಮಾಚಿಪತ್ರೆಯ ಎಲೆಯನ್ನು ಮಗುಚಿ ನೋಡಿದರೆ ಕೆಳಮೈ ಬೂದು ಬಿಳುಪಾಗಿ, ಅರಳೆ ಸವರಿದಂತೆ ಇರುವದು. ಪಾರ್ಥೇನಿಯಂ ಎಲೆಯ ಎರಡು ಮೈಗಳೂ ಹೆಚ್ಚುಕಡಿಮೆ ಒಂದೇ ಹಸುರು. ಕ್ಯಾರೆಟ್ಟಿನ ಎಲೆ ಇವೆಲ್ಲಕ್ಕಿಂತ ಸಣ್ಣಗೆ, ನೂಲಿನಂತೆ ಸೀಳಿದ್ದು ಉದ್ದವಾದ ತೊಟ್ಟಿನ ಮೇಲೆ ನಿಲ್ಲುವದು. ಅಜ್ಜಿಯವರು ಎಲೆಯನ್ನು ಮಗುಚಿದ್ದರೆ, ಮಗನು ತೊಟ್ಟನ್ನು ನೋಡಿದ್ದರೆ, ನಾನು ದಂಟಿಗಾಗಿ ಹುಡುಕಿದ್ದರೆ, ಮೂವರ ತಪ್ಪೂ ಆ ದಿನವೇ ತಿದ್ದಿಹೋಗುತ್ತಿತ್ತು.

ವಾಸನೆ: ಗುರುತರಿಯದ ಎಲೆಯನ್ನು ಬೆರಳುಗಳಿಂದ ಹಿಸುಕಬಾರದು, ಬಾಯಲ್ಲಿ ಇಟ್ಟು ರುಚಿ ನೋಡಲೂಬಾರದು. ಮಡಿಸಿದ ಕಾಗದದ ನಡುವೆ ಇಟ್ಟು ಹಿಸುಕಿ ಕಾಗದವನ್ನು ದೂರದಿಂದ ಮೂಸಿರಿ. ಮಾಚಿಪತ್ರೆಗೂ ಚೆಂಡುಹೂವಿನ ಎಲೆಗೂ ಮರೆಯಲಾಗದ ಕಟುವಾದ ಪರಿಮಳವುಂಟು. ಕ್ಯಾರೆಟ್ಟಿನ ಎಲೆಗೆ ಅದರ ಗಡ್ಡೆಯದೇ ವಾಸನೆ. ಪಾರ್ಥೇನಿಯಮ್ಮಿಗೆ ಅಂಥ ಪರಿಮಳವಿಲ್ಲ. ಬರಿಯ ಹಸೀ ಕಸದ ವಾಸನೆ.

ದಂಟು: ಬೆಳೆದ ಗಿಡದ ದಂಟಿನಲ್ಲಿ ಕೆಳಗಿನಿಂದ ಮೇಲಕ್ಕೆ ಉದ್ದುದ್ದವಾದ ಗೀರುಗಳಿರುವವು. ಬುಡವು ಕಟ್ಟಿಗೆಯಂತೆ ಗಟ್ಟಿಯಾಗುವದು. ಮೇಲ್ಭಾಗವು ಬಹಳ ಕವಲೊಡೆಯುವದು. ಎತ್ತರವು ಒಂದು ಮೀಟರಿಗೂ ಮೀರಬಹುದು. ಬೇರು ನೇರವಾಗಿ ಆಳಕ್ಕೆ ಇಳಿಯುವದು.

ಹೂ: ಒಂದೊಂದು ಹೂವೂ ಕೊತ್ತಂಬರಿ ಬೀಜದಷ್ಟು ದೊಡ್ಡದು, ಕೆನೆಬಿಳುಪಿನ ಬಣ್ಣ. ಚೆನ್ನಾಗಿ ನೋಡಿದರೆ ಅದರ ಅಂಚಿನಲ್ಲಿ ಐದು ಮೂಲೆಗಳಂತೆ ಐದು ಚಿಕ್ಕ ದಳಗಳು ಕಾಣುವವು. ಇದೇ ಅತಿ ನಿಶ್ಚಯವಾದ ಗುರುತು. ನಾವು ಒಂದು ಹೂವೆನ್ನುವದು ನಿಜವಾಗಿ ಅನೇಕ ಪುಟ್ಟ ಹೂಗಳ ಗೊಂಚಲು. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಮಾಚಿಪತ್ರೆ ಇವೆಲ್ಲಾ ಇದೇ ಕುಲದವು. ಆದದರಿಂದಲೇ ಒಂದರ ಎಲೆಯನ್ನು ಮತ್ತೊಂದರದೆಂದು ಎಣಿಸುವದು ಸುಲಭ.

ಬೀಜ: ಒಂದು ಹೂವಿಗೆ ಸಾಧಾರಣವಾಗಿ ಐದು ಬೀಜಗಳು. ಕಪ್ಪಾದವು, ಎರಡು ಮಿಲಿಮೀಟರಿನಷ್ಟು ಚಿಕ್ಕವು. ಒಂದು ದೊಡ್ಡ ಗಿಡವು ೧೫,೦೦೦ದಿಂದ ೨೫,೦೦೦ ಬೀಜಗಳನ್ನು ಉದುರಿಸಬಲ್ಲದು. ನೂರಕ್ಕೆ ಒಂದೇ ಮೊಳೆತರೂ ನೂರೈವತ್ತು ಗಿಡಗಳಾಗುವವೆಂದು ಲೆಕ್ಕ ಮಾಡಿರಿ.

ಇಷ್ಟು ನೋಡಿಯೂ ಸಂಶಯವಿದ್ದರೆ, ಬೇರು, ಎಲೆ, ಹೂ ಸಹಿತವಾದ ಇಡೀ ಗಿಡವನ್ನು ಚೀಲದಲ್ಲಿ ಕಟ್ಟಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ಕೇಳಿರಿ. ಒಂದು ಎಲೆಯನ್ನು ಮಾತ್ರ ಒಯ್ಯುವವನು ಅರ್ಧ ಉತ್ತರದೊಡನೆ ಹಿಂದಿರುಗುವನು.

೪. ಇದು ಎಲ್ಲಿಂದ ಬಂದಿತು?

ಈ ಗಿಡವು ನಮ್ಮ ದೇಶದ್ದಲ್ಲ. ಅಮೇರಿಕ ಖಂಡದಲ್ಲಿ ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಸೀಮೆಗಳು ಇದರ ತೌರು. ೧೯೫೬ನೇ ಇಸವಿಯಲ್ಲಿ ಪುಣೆಯಲ್ಲಿ ಇದನ್ನು ಕಂಡವರು ಬರೆದಿಟ್ಟರು. ಅಲ್ಲಿಂದ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲಾ ವ್ಯಾಪಿಸಿತು. ಹೊರದೇಶದಿಂದ ತರಿಸಿದ ಗೋದಿಯ ಸಂಗಡ ಬೆರೆತು ಬಂದಿತೆಂಬದು ಬಹು ಜನರ ನಂಬಿಕೆ. ನಮ್ಮ ರಾಜ್ಯದಲ್ಲಿ ಜನರು ಇದನ್ನು ಕಾಂಗ್ರೆಸ್ ಗಿಡ, ಕಾಂಗ್ರೆಸ್ ಕಸ ಎಂದು ಕರೆಯುವರು. ಬಿಳೀ ಹೂಗಳು ಬಿಳೀ ಟೋಪಿಗಳಂತೆ ಕಾಣುವದರಿಂದ ಆ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಕರ್ನಾಟಕ ಸರಕಾರವು ೧೯೭೫ರಲ್ಲಿ ಇದನ್ನು ಕಾಯಿದೆಯ ಪ್ರಕಾರ ಕೇಡಿನ ಕಳೆಯೆಂದು ಸಾರಿತು.

ಇದರ ಬೀಜಕ್ಕೆ ರೆಕ್ಕೆ ಬೇಕಿಲ್ಲ. ಮಳೆಯ ನೀರು, ಗಾಡಿಯ ಚಕ್ರದ ಕೆಸರು, ದನದ ಗೊರಸು, ಮರಳಿನ ಲಾರಿ, ಗೊಬ್ಬರದ ಮೂಟೆ ಇವೇ ಅದರ ವಾಹನ. ನಮ್ಮ ಹಿತ್ತಲಿಗೆ ಅದು ಕುರಿಗೊಬ್ಬರದೊಡನೆ ಬಂತೆಂಬದರಲ್ಲಿ ನನಗೆ ಸಂಶಯವಿಲ್ಲ; ಯಾಕಂದರೆ ಮೊದಲನೆಯ ಸಸಿ ಎದ್ದದ್ದು ಆ ರಾಶಿಯ ಬುಡದಲ್ಲಿಯೇ.

೫. ಇದರಿಂದಾಗುವ ಕೇಡು

ಈ ಗಿಡದ ಎಲೆ, ದಂಟು, ಹೂಗಳಲ್ಲಿ ಪಾರ್ಥೆನಿನ್ ಎಂಬ ಒಂದು ಕಹಿಯಾದ ವಸ್ತುವಿರುವದು. ಅದು ಕೆಲವರ ಚರ್ಮಕ್ಕೆ ಆಗುವದಿಲ್ಲ. ಮೊದಲನೆಯ ಸಾರಿ ಮುಟ್ಟಿದಾಗಲೇ ತುರಿಕೆ ಬಾರದಿರಬಹುದು. ಪದೇಪದೇ ಮುಟ್ಟುತ್ತಾ ಇದ್ದರೆ ದೇಹವು ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳುವದು. ಆ ಮೇಲೆ ಮುಟ್ಟಬೇಕೆಂದೂ ಇಲ್ಲ. ಒಣಗಿದ ಗಿಡದ ಪುಡಿಯು ಗಾಳಿಯಲ್ಲಿ ಬಂದು ಮುಖದ ಮೇಲೆ ಕುಳಿತರೂ ಸಾಕು. “ಇಷ್ಟು ದಿನ ಕಿತ್ತಿದ್ದೇನೆ, ನನಗೇನೂ ಆಗಿಲ್ಲ” ಎನ್ನುವವರು ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ನನ್ನ ತಾಯಿಯವರೂ ಮೊದಲನೆಯ ವರುಷ ಹಾಗೆಯೇ ಹೇಳುತ್ತಿದ್ದರು. ಇದರ ಹೂವಿನ ಪರಾಗದಿಂದ ಕೆಲವರಿಗೆ ಸೀನು, ನೆಗಡಿ, ಉಬ್ಬಸವೂ ಬರುವದುಂಟು. ಒಮ್ಮೆ ಚರ್ಮವು ಹೀಗೆ ಕೆರಳಿದವರಿಗೆ ಇದೇ ಕುಲದ ಸೇವಂತಿಗೆಯೂ ಆಗದೆ ಹೋಗಬಹುದು. ಚಿಕ್ಕಂದಿನಿಂದ ಮುಡಿದ ಹೂವನ್ನು ನನ್ನ ತಾಯಿಯವರು ಈಗ ಮುಡಿಯುವದಿಲ್ಲ.

ದನಗಳು ಸಾಧಾರಣವಾಗಿ ಇದನ್ನು ತಿನ್ನುವದಿಲ್ಲ. ಮೇವಿಲ್ಲದೆ ತಿಂದರೆ ಬಾಯಲ್ಲಿ ಹುಣ್ಣಾಗುವದು, ಹಾಲು ಕಹಿಯಾಗುವದು. ಹೆಚ್ಚಾಗಿ ತಿಂದರೆ ಪ್ರಾಣಕ್ಕೂ ಅಪಾಯ. ಹೊಲದಲ್ಲಿ ಇದು ಹಬ್ಬಿದರೆ ಬೆಳೆಯನ್ನೂ ಹುಲ್ಲನ್ನೂ ಅಡಗಿಸುವದು.

೬. ಹೂ ಬಿಡುವ ಮುಂಚೆ

ಗೋದಿಯ ಹೊಲದಲ್ಲಿ ಹಣಜಿ ಬೆಳೆದ ಸಾಮ್ಯವು ನಮ್ಮ ವಾಚಕರಿಗೆಲ್ಲಾ ತಿಳಿದದ್ದೇ. ಎರಡರ ಗರಿಗಳೂ ಒಂದೇ ಬಗೆ. ತೆನೆ ಬಂದಾಗಲೇ ಇದು ಗೋದಿ, ಇದು ಹಣಜಿ ಎಂಬ ಭೇದ ತಿಳಿಯುವದು. ಆದಕಾರಣ ಆ ಹೊಲದ ಯಜಮಾನನು ಆತುರಪಡುವ ಆಳುಗಳನ್ನು ತಡೆದನು. ಗೋದಿಯೂ ಕಿತ್ತುಹೋದೀತೆಂಬ ಭಯ ಅವನಿಗಿತ್ತು. ನಮ್ಮ ಹಿತ್ತಲಿನ ಸಂಗತಿ ಬೇರೆ. ಇಲ್ಲಿ ಕಾಯುವದರಲ್ಲಿಯೇ ನಷ್ಟ. ಪಾರ್ಥೇನಿಯಂ ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುವದು. ಹೂ ಬಿಟ್ಟ ಮೇಲೆ ಕೀಳುವವನು ಕೀಳುತ್ತಲೇ ಬಿತ್ತುವನು. ತೇವವಿದ್ದರೆ ಯಾವ ತಿಂಗಳಲ್ಲಿಯೂ ಇದರ ಬೀಜ ಮೊಳೆಯುವದು. ಆದದರಿಂದ ಹೂವಿಗಾಗಿ ಕಾಯದೆ ಎಲೆಯಿಂದಲೇ ಗುರುತು ಹಿಡಿಯುವದನ್ನು ಕಲಿಯಬೇಕು. ಈ ಪಾಠದ ಮುಖ್ಯ ತಾತ್ಪರ್ಯವು ಇದೇ.

ಕೀಳುವ ಕ್ರಮ ಹೇಗಂದರೆ:

ಮಳೆ ಬಂದು ನೆಲ ಮೆದುವಾದಾಗ, ಎಲೆಯ ಚಕ್ರವಾಗಿರುವಾಗಲೇ, ಬೇರುಸಹಿತ ಕೀಳಿರಿ. ಮೇಲಿನಿಂದ ಕೊಯ್ದರೆ ಬುಡದಿಂದ ತಿರುಗಿ ಚಿಗುರುವದು.

ಕೈಗೆ ಚೀಲವನ್ನಾಗಲಿ ಕೈಗವಸನ್ನಾಗಲಿ ತೊಟ್ಟು, ತೋಳು ತುಂಬ ಬಟ್ಟೆ ಹಾಕಿ, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಕೆಲಸವಾದ ಮೇಲೆ ಸಾಬೂನಿನಿಂದ ತೊಳೆದು ಬಟ್ಟೆಯನ್ನು ಬದಲಾಯಿಸಿರಿ. ಮಕ್ಕಳಿಂದಲೂ, ತುರಿಕೆ ಅಥವಾ ಉಬ್ಬಸವುಳ್ಳವರಿಂದಲೂ ಈ ಕೆಲಸ ಮಾಡಿಸಬಾರದು.

ಹೂ ಬಿಡದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟವುಗಳನ್ನು ಅಲ್ಲಿಗೆ ಹಾಕಿದರೆ ಗೊಬ್ಬರದೊಡನೆ ಬೀಜವನ್ನೂ ಹೊಲಕ್ಕೆ ಹೊತ್ತಂತಾಗುವದು. ಅವುಗಳನ್ನು ಅಲುಗಿಸದೆ ಚೀಲದಲ್ಲಿ ತುಂಬಿ ಬೇರೆ ಆಳವಾದ ಕುಣಿಯಲ್ಲಿ ಹೂಳಿರಿ.

ಗೋಡೆಯ ಸಂದಿನಲ್ಲಿಯೋ ಕಲ್ಲಿನ ನಡುವೆಯೋ ಬೆಳೆದಿದ್ದರೆ, ಒಂದು ಲೀಟರು ನೀರಿಗೆ ೧೫೦ರಿಂದ ೨೦೦ ಗ್ರಾಮು ಅಡಿಗೆಯ ಉಪ್ಪನ್ನು ಕರಗಿಸಿ ಎಲೆಯೆಲ್ಲಾ ತೊಯ್ಯುವಂತೆ ಚಿಮುಕಿಸಬಹುದು. ತರಕಾರಿಯ ಮಡಿಯ ಹತ್ತಿರ ಹೀಗೆ ಮಾಡಬಾರದು. ಉಪ್ಪು ಮಣ್ಣನ್ನೂ ಕೆಡಿಸುವದು.

ಬರಿದಾದ ನೆಲವನ್ನು ಹಾಗೆಯೇ ಬಿಡಬೇಡಿರಿ. ಮಳೆಗೆ ಮುಂಚೆ ತಗಚೆಯ ಬೀಜವನ್ನು ಎರಚಿದರೆ ಅದು ದಟ್ಟವಾಗಿ ಎದ್ದು ಈ ಕಳೆಗೆ ಎಡೆಗೊಡದು.

ಮಳೆಗಾಲದಲ್ಲಿ ಈ ಗಿಡದ ಎಲೆಗಳನ್ನು ತಿನ್ನುವ ಒಂದು ಪುಟ್ಟ ದುಂಬಿಯನ್ನು ಕಾಣಬಹುದು; ಬಿಳುಪಾದ ಬೆನ್ನಿನ ಮೇಲೆ ಕಂದು ಗೀರುಗಳುಳ್ಳದ್ದು. ಅದನ್ನು ಕೊಲ್ಲಬೇಡಿರಿ. ಗಿಡದ ತೌರಾದ ಮೆಕ್ಸಿಕೋದಿಂದಲೇ ವಿಜ್ಞಾನಿಗಳು ಅದನ್ನು ತರಿಸಿ, ಪರೀಕ್ಷಿಸಿ, ೧೯೮೪ರಲ್ಲಿ ಬೆಂಗಳೂರಿನ ಕಡೆಯಲ್ಲಿ ಬಿಟ್ಟರು. ಬೇಸಗೆಯಲ್ಲಿ ಅದು ಮಣ್ಣಿನೊಳಗೆ ಅಡಗುವದು. ಆದದರಿಂದ ಅದು ನಮ್ಮ ಸಹಾಯಕ್ಕೆ ಉಂಟು. ನಮ್ಮ ಕೆಲಸವನ್ನೆಲ್ಲಾ ಅದು ಮಾಡಲಾರದು.

೭. ಕೀಳಬಾರದವುಗಳು

ಇಷ್ಟನ್ನು ಓದಿ ಹಿತ್ತಲಿನ ಗುರುತರಿಯದ ಗಿಡಗಳನ್ನೆಲ್ಲಾ ಹಗೆಯೆಂದು ಕಿತ್ತುಹಾಕುವದೂ ಅವಿವೇಕವೇ. ನಾನು ವೈದ್ಯರ ಮಾತನ್ನು ಕೇಳಿದ ವಾರ ಸಿಟ್ಟಿನಿಂದ ಎಲ್ಲವನ್ನೂ ಕೆರೆಸಲು ಹೊರಟಾಗ, ನೆರೆಮನೆಯ ಅಜ್ಜಿಯವರೇ ಬಂದು ತಡೆದರು. ಚೌಕದ ದಂಟಿನ, ಬಿಳೀ ಹೂವಿನ ತುಂಬೆ. ಎಲೆಯ ಸಾಲಿನ ಕೆಳಗೆ ಮಣಿಗಳಂತೆ ಕಾಯಿ ಬಿಡುವ ನೆಲನೆಲ್ಲಿ. ರಸದುಂಬಿದ ದಪ್ಪ ಎಲೆಯ ಗೋಣಿಸೊಪ್ಪು. ತೇವದಲ್ಲಿ ಹಬ್ಬುವ ಹೊನಗೊನ್ನೆ. ಬಟ್ಟೆಗೆ ಅಂಟುವ ಉತ್ತರಾಣಿ, ಹೀಗೆ ಒಂದೊಂದನ್ನು ಮುಟ್ಟಿ ತೋರಿಸಿ ಹೆಸರು ಹೇಳಿದರು. ಮಾಚಿಪತ್ರೆಯ ವಿಷಯದಲ್ಲಿ ಅವರು ತಪ್ಪಿದ್ದು ಒಂದೇ ಸಾರಿ. ನನಗಾದರೋ ಆ ಐದರಲ್ಲಿ ಎರಡರ ಹೆಸರು ಮಾತ್ರ ಗೊತ್ತಿತ್ತು. ಹಿರಿಯರಿಗೆ ತಿಳಿದದ್ದನ್ನು ಅವರಿರುವಾಗಲೇ ಕೇಳಿ ಕಲಿಯುವದು ಒಳ್ಳೇದು. ಅವರಿಗೂ ತಿಳಿಯದ ಹೊಸ ಗಿಡವು ಕಂಡರೆ, ಅದು ದೂರದಿಂದ ಬಂದದ್ದಾಗಿರಬಹುದೆಂದು ಎಚ್ಚರವಾಗಿ ವಿಚಾರಿಸತಕ್ಕದ್ದು.

ಈಗ ನಮ್ಮ ಹಿತ್ತಲಿನಲ್ಲಿ ಪ್ರತಿ ಮಳೆಯ ಮಾರನೆಯ ದಿನ ನಾನೂ ನನ್ನ ಹೆಂಡತಿಯೂ ಕೈಗೆ ಚೀಲ ತೊಟ್ಟು ಒಂದು ಸುತ್ತು ಬರುತ್ತೇವೆ. ಮಣ್ಣಿನಲ್ಲಿ ಉಳಿದ ಬೀಜಗಳು ವರುಷ ವರುಷವೂ ಏಳುತ್ತವೆ. ಆದರೂ ಮೊದಲು ಬುಟ್ಟಿ ತುಂಬುತ್ತಿದ್ದದ್ದು ಈಗ ಹಿಡಿಯಷ್ಟಾಗಿದೆ. ತಾಯಿಯವರ ಚರ್ಮದ ಕಪ್ಪು ಪೂರ್ತಿಯಾಗಿ ಹೋಗಿಲ್ಲ. ಆದರೆ ರಾತ್ರಿ ನಿದ್ರೆ ಮಾಡುತ್ತಾರೆ. ಹಿತ್ತಲಿನ ಬಾಗಿಲಲ್ಲಿ ಕುಳಿತು, “ಅಲ್ಲಿ ಒಂದು ಉಳಿಯಿತು ನೋಡು” ಎಂದು ನಮಗೆ ತೋರಿಸುವ ಕೆಲಸವನ್ನು ಅವರು ಇಟ್ಟುಕೊಂಡಿದ್ದಾರೆ. ಎಲೆಯಿಂದಲೇ ಗುರುತು ಹಿಡಿಯುವದರಲ್ಲಿ ಮನೆಯಲ್ಲಿ ಅವರಿಗೆ ಸಮಾನರಿಲ್ಲ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಿಮ್ಮ ಹಿತ್ತಲಿನಲ್ಲಿ ಬಿತ್ತದೆ ಬೆಳೆದ ಗಿಡಗಳು ಎಷ್ಟು? ಅವುಗಳಲ್ಲಿ ಎಷ್ಟರ ಹೆಸರನ್ನು ಬಲ್ಲಿರಿ?

೨. ಪಾರ್ಥೇನಿಯಮ್ಮಿನ ಎಲೆಗೂ ಮಾಚಿಪತ್ರೆಯ ಎಲೆಗೂ ಇರುವ ಭೇದವೇನು? ಚೆಂಡುಹೂವಿನ ಸಸಿಗೂ ಅದಕ್ಕೂ ಇರುವ ಭೇದವೇನು?

೩. ಹೂ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಯಾಕೆ ಹಾಕಬಾರದು?

೪. ಕಳೆದ ವರುಷ ನಿಮ್ಮ ಮನೆಗೆ ಹೊರಗಿನಿಂದ ಗೊಬ್ಬರವಾಗಲಿ ಮರಳಾಗಲಿ ಬಂದಿತೋ? ಅದನ್ನು ಸುರಿದ ಸ್ಥಳದಲ್ಲಿ ಈಗ ಏನು ಬೆಳೆದಿದೆ? ಹೋಗಿ ನೋಡಿರಿ.